ಕಂಪ್ಯೂಟರಿಗೆ ಅಪ್ಪ ಕೊಟ್ಟ ಟ್ರಯಲ್

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದರೆ ನನ್ನ ಡ್ರಾಯಿಂಗ್ ಬೋರ್ಡು ಹೊರಗೆ, ಸ್ಕ್ರ್ಯಾಪ್ ತುಂಬುವ ಡ್ರಮ್ಮಿನ ಪಕ್ಕ, ಗೋಡೆಗೆ ಒರಗಿ ನಿಂತಿತ್ತು. ಶನಿವಾರ ಅರ್ಧ ಎಳೆದು ಬಿಟ್ಟಿದ್ದ ಹಾಳೆ ಇನ್ನೂ ಅದರ ಮೇಲೆಯೇ ಇತ್ತು. ಟೇಪಿನ ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಕೆಲಸ ಹೋಯಿತೆಂದೇ ತಿಳಿದೆ. ಊಟದ ಡಬ್ಬಿ ಹಿಡಿದುಕೊಂಡು ಒಳಗೆ ಹೋಗಬೇಕೋ, ಹಾಗೇ ತಿರುಗಿ ಮನೆಗೆ ಹೋಗಬೇಕೋ ಗೊತ್ತಾಗದೆ ಬಾಗಿಲಲ್ಲೇ ನಿಂತೆ.

ಒಳಗೆ ನನ್ನ ಜಾಗದಲ್ಲಿ ಒಂದು ಹೊಸ ಟೇಬಲ್ಲು. ಅದರ ಮೇಲೆ ಪ್ಲಾಸ್ಟಿಕ್ ಮುಸುಕು ಹೊದ್ದ ಕಂಪ್ಯೂಟರ್.

"ಪ್ಲಗ್ ಪಾಯಿಂಟ್ ಇರೋದು ಅದೊಂದೇ ಕಡೆ ಕಣಮ್ಮ, ಅದಕ್ಕೇ ನಿನ್ನ ಬೋರ್ಡ್ ತೆಗೆಸ್ದೆ," ಎಂದರು ಮಾಲೀಕರು, ಕುರ್ಚಿ ಸರಿಸಿದಷ್ಟು ಸಲೀಸಾಗಿ. "ಸದ್ಯಕ್ಕೆ ಮೂಲೇಲಿ ಹಾಕ್ಕೊಂಡು ಕೆಲ್ಸ ಮಾಡು. ದೀಪಾವಳಿ ಆದ್ಮೇಲೆ ಮೂರು ಬೋರ್ಡೂ ಹೋಗ್ತವೆ. ಆಮೇಲೆ ಮೂರು ಜನ ಬೇಕಾಗಲ್ಲ. ಒಬ್ರು ಸಾಕು. ಯಾರಿಗೆ ಇದು ಬರುತ್ತೋ ಅವ್ರು ಇರ್ತಾರೆ."

ಇದು ತೊಂಬತ್ತರ ದಶಕದ ನಡುಭಾಗದ ಮಾತು. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಡ್ರಾಫ್ಟ್ಸ್‌ಮನ್ ಆಗಿದ್ದೆ. ಹೆಂಗಸಾದರೂ ಹಾಜರಿ ಪುಸ್ತಕದಲ್ಲಿ ಹಾಗೇ ಬರೆದಿದ್ದರು. ಭಾಗಗಳ ನಕ್ಷೆ ಎಳೆಯುವುದು, ಅಳತೆ ಬರೆಯುವುದು, ಹಳೆಯ ನಕ್ಷೆ ಹರಿದುಹೋದರೆ ಅದನ್ನು ಮತ್ತೆ ಎಳೆಯುವುದು, ಇಷ್ಟೇ ನನ್ನ ಕೆಲಸ. ಡಿಪ್ಲೊಮಾ ಮುಗಿಸಿ ಐಟಿಐ ಹುಡುಗರ ನಡುವೆ ಕೂತು ಮೂರು ವರ್ಷ ಮಾಡಿದ್ದೆ. ನನ್ನ ಗೆರೆ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಪ್ಲಗ್ ಪಾಯಿಂಟ್ ನನ್ನ ಗೆರೆಗಿಂತ ದೊಡ್ಡದೆಂದು ಆ ದಿನ ತಿಳಿಯಿತು. ಆಘಾತಕ್ಕಿಂತ ಸಿಟ್ಟು ಹೆಚ್ಚು ಬಂತೋ, ಸಿಟ್ಟಿಗಿಂತ ಆಘಾತ ಹೆಚ್ಚೋ, ಈಗ ಹೇಳಲಾರೆ. ಎರಡೂ ಸೇರಿ ಆ ದಿನ ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ತಂದೆ.

ಕಲಿಯಬೇಕೆಂದರೆ ಎಲ್ಲಿ? ಆಫೀಸಿನ ಕಂಪ್ಯೂಟರಿನಲ್ಲಿ ದಿನವಿಡೀ ಲೆಕ್ಕಪತ್ರದವರು ಕೂರುತ್ತಿದ್ದರು. ಊಟದ ಹೊತ್ತಿನಲ್ಲಿ ಕದ್ದುಮುಚ್ಚಿ ಒಂದಷ್ಟು ಗೆರೆ, ಒಂದಷ್ಟು ವೃತ್ತ ಎಳೆಯುವುದನ್ನು ಕಲಿತೆ. ಅಷ್ಟರಲ್ಲಿ ಯಾರೋ ಹಿಂದೆ ಬಂದು ಕೆಮ್ಮುತ್ತಿದ್ದರು. ನನ್ನ ಜೊತೆಯ ಇಬ್ಬರು ಡ್ರಾಫ್ಟ್ಸ್‌ಮನ್‌ಗಳು ಸಂಜೆ ರಾಜಾಜಿನಗರದ ಕಡೆ ಯಾವುದೋ ಕ್ಲಾಸಿಗೆ ಸೇರಿಕೊಂಡರು. ಕ್ಲಾಸು ಮುಗಿಯುವ ಹೊತ್ತಿಗೆ ಪೀಣ್ಯದ ರಸ್ತೆಗಳಲ್ಲಿ ಒಂದು ದೀಪವೂ ಇರುತ್ತಿರಲಿಲ್ಲ. ನನ್ನನ್ನು ಆ ಹೊತ್ತಿನಲ್ಲಿ ಹೊರಗೆ ಕಳಿಸಲು ಅವ್ವ ಸುತರಾಂ ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ. ಮನೆಗೇ ಒಂದು ಕಂಪ್ಯೂಟರ್ ತರುವುದು.

ನಮ್ಮಪ್ಪ ರಾಣೆಬೆನ್ನೂರು ಕಡೆಯಿಂದ ಪೀಣ್ಯಕ್ಕೆ ಬಂದು, ಲೋಹ ಕಡೆಯುವ ಲೇತಿನ ಮುಂದೆ ನಿಂತವರು. ಆಮೇಲೆ ಪೀಣ್ಯದ ಎರಡನೇ ಹಂತದ ಬಡಾವಣೆಯಲ್ಲಿ ಒಂದು ಬಾಡಿಗೆ ಶೆಡ್ಡು, ಅದರಲ್ಲಿ ಎರಡು ಲೇತು, ಸ್ವಂತ ಕೆಲಸ. ನನ್ನ ಮಾಲೀಕರೇ ಅಪ್ಪನಿಗೂ ಕೆಲಸ ಕೊಡುತ್ತಿದ್ದರು. ಪಂಪಿನೊಳಗೆ ಕೂರುವ, ಕಂಚಿನ ಜಾತಿಯ ಗನ್‌ಮೆಟಲ್ಲಿನ ಒಂದು ಬುಷ್ಷು, ಅಂದರೆ ಅಂಗೈಯಲ್ಲಿ ಹಿಡಿಯುವಂಥ, ಹೊರಮೈಯಲ್ಲಿ ಒಂದು ಮೆಟ್ಟಿಲು ಕಡೆದ ದಪ್ಪ ಬಳೆ. ಅದೊಂದನ್ನೇ ಅಪ್ಪ ವರ್ಷಗಟ್ಟಲೆ ಕಡೆದುಕೊಡುತ್ತಿದ್ದರು. ನಮ್ಮ ಮನೆಯ ಅಕ್ಕಿ, ಬೇಳೆ, ನನ್ನ ಡಿಪ್ಲೊಮಾ ಫೀಸು ಎಲ್ಲ ಆ ಬುಷ್ಷಿನಿಂದಲೇ ಬಂದದ್ದು. ಎರಡೂ ಲೇತಿಗೆ ಪುರುಸೊತ್ತಿರಲಿಲ್ಲ. ಮೂರನೆಯದೊಂದನ್ನು ಹಾಕಬೇಕೆಂದು ಅಪ್ಪ ದುಡ್ಡು ಕೂಡಿಸುತ್ತಿದ್ದರು.

ಅಪ್ಪನಿಗೆ ಇನ್ನೊಂದು ಹೆಸರಿತ್ತು. ಪೀಣ್ಯದಲ್ಲಿ ಯಾರೇ ಸೆಕೆಂಡ್ ಹ್ಯಾಂಡ್ ಮಷೀನು ಕೊಳ್ಳಲಿ, ಲೇತಿರಲಿ, ಡ್ರಿಲ್ಲಿರಲಿ, ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಮೊದಲು ಬೆರಳ ಗೆಣ್ಣಿನಿಂದ ಮಷೀನಿನ ಮೈಯನ್ನು ತಟ್ಟಿ ಕೇಳುವರು. ಓಡುತ್ತಿರುವಾಗ ಅಂಗೈ ಇಟ್ಟು ನಡುಕ ನೋಡುವರು. ಕೊನೆಗೆ ಚೀಲದಿಂದ ತಮ್ಮದೇ ಒಂದು ಜಾಬು, ಅಂದರೆ ಕಡೆಯಬೇಕಾದ ಲೋಹದ ತುಂಡು ತೆಗೆದು, ಮಷೀನಿಗೆ ಹಾಕಿ, ಕಡೆದು, ಅಳೆದು ನೋಡುವರು. ಈ ಟ್ರಯಲ್ ಆಗದೆ ಪೀಣ್ಯದಲ್ಲಿ ಯಾರೂ ಯಾವ ಮಷೀನಿಗೂ ದುಡ್ಡು ಎಣಿಸುತ್ತಿರಲಿಲ್ಲ. ಮಾರುವವನೂ ಅದಕ್ಕೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಚಹಾ ತರಿಸಿಕೊಟ್ಟು ಪಕ್ಕದಲ್ಲಿ ಕಾಯುತ್ತಿದ್ದ.

ಹಾಗಾಗಿ ನಾನು ಮನೆಯಲ್ಲಿ ಕಂಪ್ಯೂಟರಿನ ಮಾತೆತ್ತಿದಾಗ, ಕೊಡಿಸುವುದೋ ಬಿಡುವುದೋ ಎಂಬ ಚರ್ಚೆಯೇ ಆಗಲಿಲ್ಲ. ನಾನು ಅದಕ್ಕೆ ಎಷ್ಟೋ ವಾದ ಕಟ್ಟಿಕೊಂಡು ಕೂತಿದ್ದೆ.

"ಮಷೀನ್ ತಾನ ಅದು? ನಾ ಆರಿಸ್ತೀನಿ," ಎಂದುಬಿಟ್ಟರು ಅಪ್ಪ.

"ಟಿವಿ ಐತಲ್ರೀ ಮನ್ಯಾಗ. ಇನ್ನೊಂದ್ ಟಿವಿ ಯಾಕ?" ಎಂದಳು ಅವ್ವ.

"ಮೂರನೇ ಲೇತಿನ ರೊಕ್ಕ ಐತಲ್ಲ, ಅದ್ರಾಗ ತಗೊಳ್ಳೂಣು," ಎಂದರು ಅಪ್ಪ. ಅವ್ವ ಲಟ್ಟಣಿಗೆ ಕೈಯಲ್ಲಿ ಹಿಡಿದವಳು ಹಾಗೇ ನಿಂತಳು. ನಾನೂ ದಂಗಾದೆ. ಆ ದುಡ್ಡಿನ ಮಾತನ್ನು ಹಬ್ಬದಲ್ಲೂ ಎತ್ತುವಂತಿರಲಿಲ್ಲ ನಮ್ಮ ಮನೆಯಲ್ಲಿ.

ಮೊದಲು ಹೋದದ್ದು ತುಮಕೂರು ರಸ್ತೆಯ ಒಂದು ಶೋರೂಮಿಗೆ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಗುಡಿಗೆ ಹೋದಂತೆ ಬರಿಗಾಲಲ್ಲಿ ಒಳಗೆ ಕಾಲಿಟ್ಟರೆ, ಕೊರೆಯುವ ಎಸಿ. ಗಾಜಿನ ಮೇಜುಗಳ ಮೇಲೆ ಸಾಲಾಗಿ ಕಂಪ್ಯೂಟರುಗಳು, ಎಲ್ಲದರ ಪರದೆಯ ಮೇಲೂ ಬಣ್ಣಬಣ್ಣದ ಮೀನುಗಳು ಈಜುತ್ತಿದ್ದವು. ಅಪ್ಪ ಸೀದಾ ಹೋಗಿ ಒಂದರ ನೆತ್ತಿಯ ಮೇಲೆ ಗೆಣ್ಣಿನಿಂದ ಟಕಟಕ ಬಡಿದರು.

"ಅಂಕಲ್, ಪ್ಲೀಸ್ ಮುಟ್ಬೇಡಿ," ಎಂದು ಟೈ ಕಟ್ಟಿದ ಒಬ್ಬರು ಓಡಿಬಂದರು.

"ತೂಕ ಎಷ್ಟೈತ್ರೀ ಇದು?"

"ತೂಕ?" ಆತ ನನ್ನ ಮುಖ ನೋಡಿದರು. ನಾನು ಪರದೆಯ ಮೀನುಗಳನ್ನು ನೋಡಿದೆ.

ಅಪ್ಪನ ಪಾಲಿಗೆ ಮಷೀನೆಂದರೆ ಭಾರ. ಭಾರವಿದ್ದದ್ದು ಅಲುಗುವುದಿಲ್ಲ, ಅಲುಗದ್ದು ಅಳತೆ ತಪ್ಪುವುದಿಲ್ಲ. ಇದನ್ನು ಅಪ್ಪ ಅಲ್ಲಿ ಆ ಟೈ ಕಟ್ಟಿದವರಿಗೆ ವಿವರಿಸಿ ಹೇಳಿದರು. ಅವರು ತಲೆಯಾಡಿಸುತ್ತಾ ಬೆಲೆಪಟ್ಟಿ ಮುಂದಿಟ್ಟರು. ಅತಿ ಅಗ್ಗದ್ದೆಂದು ಬೆರಳಿಟ್ಟು ತೋರಿಸಿದ ಸಾಲನ್ನು ಓದಿ ನಾನು ಹೌಹಾರಿದೆ. ಒಂದು ಸೊನ್ನೆ ಹೆಚ್ಚು ಬಿದ್ದಿದೆ ಎಂದುಕೊಂಡೆ. ಅಪ್ಪನೂ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

"ಇಷ್ಟಕ್ಕ ಎರಡು ಲೇತ್ ಬರ್ತಾವು," ಎಂದರು ಮೆಲ್ಲಗೆ. "ಇರ್ಲಿ. ಓಡಿಸಿ ತೋರಿಸ್ರಿ."

"ಓಡ್ತಾ ಇದೆಯಲ್ಲ ಸಾರ್, ಡೆಮೋ."

"ಮೀನ ಬ್ಯಾಡ್ರಿ. ನಮ್ಮ ಜಾಬ್ ಹಾಕಿ ನೋಡಬೇಕು."

ಅದಕ್ಕೆ ಅವಕಾಶವಿಲ್ಲ, ಸೀಲು ಒಡೆದರೆ ಕಂಪನಿಯವರು ವಾಪಸು ತೆಗೆದುಕೊಳ್ಳುವುದಿಲ್ಲ, ಮೊದಲು ದುಡ್ಡು ಕಟ್ಟಿ ಆಮೇಲೆ ಓಡಿಸಬಹುದು ಎಂದರು ಆತ. ಅಪ್ಪನಿಗೆ ಬೆಲೆ ಓದಿದಾಗಲೂ ಆಗದಷ್ಟು ಆಘಾತ ಈ ಮಾತಿಗೆ ಆಯಿತು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಓಡಿಸಿ ನೋಡದ ಯಾವನ್ ತಗೋತಾನ?" ಎಂದು ರಸ್ತೆಗೆಲ್ಲ ಕೇಳುವಂತೆ ಕೇಳಿದರು. ಒಳಗೆ ಜನ ಕೊಳ್ಳುತ್ತಲೇ ಇದ್ದರು. ನನಗೆ ನಾಚಿಕೆಯಾಗಿ ನಾಲ್ಕು ಹೆಜ್ಜೆ ಮುಂದೆ ನಡೆದೆ.

ಆಮೇಲೆ ಯಾರೋ ಹೇಳಿದರೆಂದು ಪೀಣ್ಯದೊಳಗೇ, ಒಂದು ಬೇರಿಂಗ್ ಅಂಗಡಿಯ ಮೇಲಿನ ಕೋಣೆಗೆ ಹೋದೆವು. ಅಲ್ಲಿ ಒಬ್ಬರು ಬಿಡಿಭಾಗ ತಂದು ಜೋಡಿಸಿ ಕಂಪ್ಯೂಟರ್ ಮಾಡಿಕೊಡುತ್ತಿದ್ದರು. ಮೊದಲು ಟಿವಿ ರಿಪೇರಿ ಮಾಡುತ್ತಿದ್ದವರಂತೆ. ತಲೆಗೂದಲು ಅರ್ಧ ಬೆಳ್ಳಗಾಗಿತ್ತು, ಕಿವಿಯ ಮೇಲೆ ಸ್ಕ್ರೂಡ್ರೈವರ್. ಅಲ್ಲಿ ಎಸಿ ಇರಲಿಲ್ಲ, ಮೀನುಗಳೂ ಇರಲಿಲ್ಲ. ಮುಚ್ಚಳ ಬಿಚ್ಚಿದ ಡಬ್ಬಿಗಳು ಮೇಜಿನ ತುಂಬ ಹರಡಿಕೊಂಡಿದ್ದವು. ಅಪ್ಪ ಒಂದರೊಳಗೆ ಬಗ್ಗಿ ನೋಡಿ ಬೆಚ್ಚಿದರು.

"ಒಳಗ ಏನೂ ಇಲ್ಲಲ್ರೀ!"

ನಿಜ, ನನಗೂ ಗಾಬರಿಯಾಯಿತು. ಅಷ್ಟು ದೊಡ್ಡ ಡಬ್ಬಿ, ಒಳಗೆ ಒಂದು ಹಸಿರು ಹಲಗೆ, ಒಂದೆರಡು ಪಟ್ಟಿ, ಒಂದಿಷ್ಟು ವೈರು. ಮಿಕ್ಕಿದ್ದೆಲ್ಲ ಬರೀ ಗಾಳಿ. ಗೇರಿಲ್ಲ, ಬೆಲ್ಟಿಲ್ಲ, ಎಣ್ಣೆಯ ಜಿಡ್ಡಿಲ್ಲ. ಇಷ್ಟಕ್ಕೆ ಅಷ್ಟು ದುಡ್ಡೇ ಎಂದು ಅಪ್ಪನ ಮುಖದಲ್ಲೇ ಬರೆದಿತ್ತು.

"ಎಲ್ಲಾ ಹಂಗೇ ಇರೋದು ಅಣ್ಣ," ಎಂದು ನಕ್ಕರು ಅಂಗಡಿಯವರು. ನಮ್ಮ ದುಡ್ಡಿಗೆ ಹೊಂದುವ ಎರಡನ್ನು ತೋರಿಸಿದರು. ಒಂದು ಅಗ್ಗದ್ದು, ಒಂದು ತುಸು ಜಾಸ್ತಿಯದ್ದು. ಅಗ್ಗದ್ದರ ಡಬ್ಬಿ ದಪ್ಪ ತಗಡಿನದು, ಒಬ್ಬರೇ ಎತ್ತಲು ತ್ರಾಸಾಗುವಷ್ಟು ಭಾರ. ಇನ್ನೊಂದರದು ತೆಳು ತಗಡು, ಬೆರಳಿಂದ ತಟ್ಟಿದರೆ ಖಾಲಿ ಡಾಲ್ಡಾ ಡಬ್ಬಿಯ ಹಾಗೆ ಡಬಡಬ ಎನ್ನುತ್ತಿತ್ತು. ಅಪ್ಪ ಎರಡನ್ನೂ ಎತ್ತಿ ನೋಡಿದರು, ತಟ್ಟಿ ನೋಡಿದರು. ಭಾರದ್ದರ ಮೇಲೆ ಕೈಯಿಟ್ಟು, "ಇದ ಇರ್ಲಿ," ಎಂದರು. ಅಗ್ಗವೂ ಹೌದು, ಗಟ್ಟಿಯೂ ಹೌದು. ಇನ್ನೇನು ಬೇಕು?

"ಮನೆಗಾದ್ರೆ ಅದೇ ಸಾಕು ಅಣ್ಣ. ಲೆಟರ್ ಟೈಪ್ ಮಾಡ್ಬೋದು, ಮಕ್ಕಳು ಗೇಮ್ಸ್ ಆಡ್ಬೋದು. ಸಕ್ಕತ್ತಾಗಿ ಓಡುತ್ತೆ."

"ಹಂಗಾರ ಟ್ರಯಲ್ ತೋರಿಸ್ರಿ," ಎಂದ ಅಪ್ಪ ಚೀಲಕ್ಕೆ ಕೈಹಾಕಿದರು. ಒಂದು ಬುಷ್ಷು ತೆಗೆದು ಕೀಬೋರ್ಡಿನ ಪಕ್ಕ ಠಣ್ಣೆಂದು ಇಟ್ಟರು. ಅದರ ಪಕ್ಕದಲ್ಲಿ, ಕೂದಲೆಳೆಯಷ್ಟನ್ನೂ ಅಳೆಯುವ ತಮ್ಮ ಮೈಕ್ರೊಮೀಟರನ್ನೂ ಇಟ್ಟರು.

ಅಂಗಡಿಯವರು ಬುಷ್ಷನ್ನು ನೋಡಿದರು. ಕಂಪ್ಯೂಟರನ್ನು ನೋಡಿದರು. "ಇದನ್ನ ಎಲ್ಲಿಗೆ ಹಾಕ್ಲಿ ಅಣ್ಣ?" ಎಂದು ಕೇಳಿದರು, ನಿಜವಾದ ಕಳವಳದಿಂದ. ನಾನು ನಗು ತಡೆಯಲಾರದೆ ಮುಂದೆ ಬಂದೆ. ಈ ಬುಷ್ಷಿನ ನಕ್ಷೆ ಎಳೆಯಬೇಕು, ನಕ್ಷೆ ಎಳೆಯುವ ಪ್ರೋಗ್ರಾಂ ಇದ್ದರೆ ಹಾಕಿ ಎಂದೆ. ಅವರ ಬಳಿ ಫ್ಲಾಪಿಗಳಲ್ಲಿ ಅದು ಇತ್ತು. ಒಂದಾದ ಮೇಲೊಂದು ಫ್ಲಾಪಿ ಹಾಕಿದರು. ಕಂಪ್ಯೂಟರ್ ಗುರಗುರ ಎಂದಿತು. ಅಪ್ಪ ಅದರ ನೆತ್ತಿಯ ಮೇಲೆ ಅಂಗೈಯಿಟ್ಟು, ನಡುಕ ಕಮ್ಮಿ ಇದೆ ಎಂದು ನನಗೆ ಕಣ್ಣಲ್ಲೇ ಹೇಳಿದರು.

ಕೊನೆಗೆ ಪರದೆ ಕಪ್ಪಾಗಿ, ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಮತ್ತೇನೂ ಬರಲಿಲ್ಲ. ಅಂಗಡಿಯವರು ಮತ್ತೊಮ್ಮೆ ಮಾಡಿದರು. ಮತ್ತೆ ಅದೇ ಸಾಲು. ಅವರು ಕಿವಿಯ ಮೇಲಿನ ಸ್ಕ್ರೂಡ್ರೈವರ್ ತೆಗೆದು ತಲೆ ಕೆರೆದುಕೊಂಡರು.

"ಓಹ್, ಇದ್ರಲ್ಲಿ ಲೆಕ್ಕದ ಚಿಪ್ ಇಲ್ಲ ಅಲ್ವಾ. ಡ್ರಾಯಿಂಗ್ ಪ್ರೋಗ್ರಾಮ್ ಬರಲ್ಲ ಮೇಡಂ ಇದ್ರಲ್ಲಿ."

"ಕಂಪ್ಯೂಟರಿಗೆ ಲೆಕ್ಕ ಬರೂದಿಲ್ಲಾ?" ಅಪ್ಪನ ಧ್ವನಿ ಕೆಳಗಿನ ಬೇರಿಂಗ್ ಅಂಗಡಿಗೂ ಕೇಳಿಸಿರಬೇಕು.

ಕೂಡಿಸಿ ಕಳೆಯುವ ಸಾದಾ ಲೆಕ್ಕ ಬರುತ್ತದಂತೆ. ನಕ್ಷೆಗೆ ಬೇಕಾಗುವ ಸೂಕ್ಷ್ಮ ಲೆಕ್ಕಕ್ಕೆ ಬೇರೆಯದೇ ಒಂದು ಚಿಪ್ಪು ಬೇಕಂತೆ. ಅಗ್ಗ ಮಾಡಲು ಅದನ್ನು ಬಿಟ್ಟಿರುತ್ತಾರಂತೆ. ಮುಚ್ಚಳದ ಒಳಗೆ ಬೆರಳು ತೋರಿಸಿದರು. ಹಸಿರು ಹಲಗೆಯ ಮೇಲೆ, ಹಲ್ಲು ಕಿತ್ತ ಬಾಯಿಯಂತೆ, ಒಂದು ಖಾಲಿ ಚೌಕವಿತ್ತು. ಟ್ರಯಲ್ ಇಲ್ಲದೆ ಇದನ್ನೇ ಮನೆಗೆ ಹೊತ್ತುಕೊಂಡು ಹೋಗಿದ್ದರೆ? ಮೂರನೇ ಲೇತಿನ ದುಡ್ಡು ಕೊಟ್ಟು, ದೀಪಾವಳಿಯವರೆಗೆ ಲೆಟರ್ ಟೈಪ್ ಮಾಡುತ್ತಾ ಕೂರಬೇಕಿತ್ತು. ಶೋರೂಮಿನ ಮುಂದೆ ನಾಚಿ ಮುಂದೆ ನಡೆದವಳು ಈಗ ಅಪ್ಪನ ಪಕ್ಕಕ್ಕೆ ಸರಿದು ನಿಂತೆ. ಅಪ್ಪನಿಗೆ ಮಾತ್ರ ತಮ್ಮ ತೂಕದ ಲೆಕ್ಕ ಸುಳ್ಳಾಯಿತೆಂಬುದೇ ಹೆಚ್ಚು ನೋವು. ಆ ಭಾರದ ಡಬ್ಬಿಯನ್ನು ಇನ್ನೊಮ್ಮೆ ತಟ್ಟಿ, "ಚಲೋ ಬಾಡಿ ಇತ್ತು," ಎಂದರು.

ಡಾಲ್ಡಾ ಡಬ್ಬಿಯಲ್ಲಿ ಪ್ರೋಗ್ರಾಂ ತೆರೆದುಕೊಂಡಿತು. ಅದರಲ್ಲಿ ಆ ಚಿಪ್ಪು ಪ್ರೊಸೆಸರಿನ ಒಳಗೇ ಇತ್ತಂತೆ.

ನಾನು ಕುರ್ಚಿ ಎಳೆದುಕೊಂಡು ಕೂತೆ. ಅಪ್ಪ ಪಕ್ಕದಲ್ಲಿ ನಿಂತು ಬುಷ್ಷಿನ ಒಂದೊಂದೇ ಅಳತೆಯನ್ನು ಮೈಕ್ರೊಮೀಟರಿನಲ್ಲಿ ನೋಡಿ ಹೇಳತೊಡಗಿದರು. ನಾನು ಒತ್ತುತ್ತಾ ಹೋದೆ. ಹೊರವ್ಯಾಸ, ಒಳವ್ಯಾಸ, ಉದ್ದ, ಮೆಟ್ಟಿಲು. ಕಪ್ಪು ಪರದೆಯ ಮೇಲೆ ಬುಷ್ಷು ಮೆಲ್ಲಮೆಲ್ಲಗೆ ಮೂಡಿತು. ಅಂಗಡಿಯವರು ಚಹಾ ತರಿಸಿದರು. ಅದನ್ನು ಕಂಡು ಅಪ್ಪನಿಗೆ ಸಮಾಧಾನವಾಯಿತು. ಇಲ್ಲಿ ವ್ಯಾಪಾರ ಸರಿಯಾದ ರೀತಿಯಲ್ಲಿ ನಡೆಯುತ್ತಿದೆ ಎಂದು ಅವರಿಗೆ ಅನ್ನಿಸಿರಬೇಕು.

"ಆತಪ್ಪಾ," ಎಂದೆ.

"ಎಲ್ಲಿ ಆತು? ಈ ತುದಿಯಾಗ ಟೇಪರ್ ಐತಿ ನೋಡು. ಅದನ್ನ ಹಾಕಿಲ್ಲ."

ಬುಷ್ಷನ್ನು ನನ್ನ ಕೈಗಿಟ್ಟರು. ಬೆರಳಾಡಿಸಿದೆ. ಒಂದು ತುದಿಯ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು. ನನಗೆ ಅಚ್ಚರಿಯಾಯಿತು. ಈ ಬುಷ್ಷಿನ ನಕ್ಷೆ ಆಫೀಸಿನಲ್ಲಿ ಹರಿದಾಗ ಅದನ್ನು ಮತ್ತೆ ಎಳೆದವಳೇ ನಾನು. ಅದರಲ್ಲಿ ಈ ಟೇಪರ್ ಇರಲೇ ಇಲ್ಲ.

"ಡ್ರಾಯಿಂಗಿನ್ಯಾಗ ಇದು ಇಲ್ಲಲ್ಲಪ್ಪಾ?"

"ಡ್ರಾಯಿಂಗಿನ್ಯಾಗ ಇಲ್ಲ. ನನ್ನ ಕೈಯಾಗ ಐತಿ," ಎಂದು ಅಪ್ಪ ನಕ್ಕರು. "ಡ್ರಾಯಿಂಗ್ ಪ್ರಕಾರ ಮಾಡಿದ್ರ ಪಂಪಿನ್ಯಾಗ ಸೀದಾ ಕೂರೂದಿಲ್ಲ, ಸುತ್ತಿಗಿ ತಗೊಂಡು ಬಡೀಬೇಕು. ಒಂದ್ ಎಳಿ ಇಳಿಜಾರ್ ಬಿಟ್ರ ಜಾರಿ ಕೂರ್ತೈತಿ. ನಾ ಅದನ್ನ ಯಾರಿಗೂ ಹೇಳಿಲ್ಲ. ಹಾಕು ಹಾಕು, ಟ್ರಯಲ್ ಅಂದ್ರ ಪೂರಾ ಟ್ರಯಲ್."

ಹಾಕಿದೆ. ಕೋನ ಎಷ್ಟು, ಉದ್ದ ಎಷ್ಟು, ಅಪ್ಪ ಹೇಳಿದಂತೆ. ಆಮೇಲೆ ಆ ತುದಿಯನ್ನು ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದೆ. ಇಷ್ಟು ವರ್ಷ ಬೆರಳಿಗೆ ಮಾತ್ರ ಗೊತ್ತಿದ್ದ ಆ ಇಳಿಜಾರು ಮನೆಯ ಸೂರಿನಷ್ಟು ದೊಡ್ಡದಾಗಿ ನಿಂತಿತು. ಅಪ್ಪ ಬಾಯಿ ತೆರೆದು ನೋಡಿದರು. ನನ್ನ ಭುಜ ಹಿಡಿದುಕೊಂಡರು.

"ಅಯ್ಯೋ ಶಿವನ! ನನ್ನ ಬುಷ್ಷು!"

ಉದ್ದ ಸ್ವಲ್ಪ ಹೆಚ್ಚು ಮಾಡಿದರೆ ಹೇಗಿರುತ್ತದೆ ತೋರಿಸು ಎಂದರು. ಒಂದು ಅಂಕಿ ಬದಲಿಸಿದೆ, ಇಡೀ ನಕ್ಷೆ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಯಿತು. ಬೋರ್ಡಿನ ಮೇಲಾದರೆ ಅದು ಅರ್ಧ ದಿನದ ಕೆಲಸ. ಅಪ್ಪ ನಗು ನಿಲ್ಲಿಸಿದರು. ಆಮೇಲೆ, "ಮೊದ್ಲು ಹೆಂಗಿತ್ತೋ ಹಂಗ ಮಾಡಿ ಇಟ್ಕೋ," ಎಂದರು. ನಾನು ಅದನ್ನು ಒಂದು ಫ್ಲಾಪಿಗೆ ಹಾಕಿಕೊಂಡೆ. ಟ್ರಯಲ್ ಪಾಸಾಯಿತು. ಅಪ್ಪ ಚೌಕಾಸಿ ಮಾಡಿ, ಕೀಬೋರ್ಡಿನ ಮೇಲೆ ಹೊದಿಸುವ ಪ್ಲಾಸ್ಟಿಕ್ಕನ್ನು ಪುಕ್ಕಟೆ ಹಾಕಿಸಿಕೊಂಡು, ದುಡ್ಡು ಕೊಟ್ಟರು.

ಆಟೋದಲ್ಲಿ ಮಾನಿಟರನ್ನು ಅಪ್ಪ ತೊಡೆಯ ಮೇಲಿಟ್ಟುಕೊಂಡು ಕೂತರು. ಪ್ರತಿ ಹಳ್ಳಕ್ಕೂ ಡ್ರೈವರನಿಗೆ ಬೈದರು. ಮನೆಯಲ್ಲಿ ಅವ್ವ ಅದಕ್ಕೆ ವಿಭೂತಿಯ ಮೂರು ಗೆರೆ ಎಳೆದಳು. ಗಾಜಿನ ಮೇಲೆ ಎಳೆದರೆ ಪರದೆ ಕಾಣುವುದಿಲ್ಲ ಎಂದು ನಾನು ಕೂಗಿಕೊಂಡ ಮೇಲೆ ಒರೆಸಿ, ಡಬ್ಬಿಯ ಮೇಲೆ ಎಳೆದಳು. ಮೂರು ದಿನ ಅವಳು ಅದರ ಹತ್ತಿರ ಹೋಗಲಿಲ್ಲ. ನಾಲ್ಕನೇ ದಿನ ಹೋಗಿ ಮೂಸಿ ನೋಡಿ, "ಎಣ್ಣಿ ನಾತ ಇಲ್ದ ಮಷೀನ್ ಇದ ಮೊದ್ಲು ಬಂದದ್ದು ಈ ಮನಿಗೆ," ಎಂದಳು.

ದಿನಾ ಸಂಜೆ ಕೆಲಸದಿಂದ ಬಂದು, ಮುಖ ತೊಳೆದು ಅದರ ಮುಂದೆ ಕೂರುತ್ತಿದ್ದೆ. ಆಫೀಸಿನ ಹಳೆಯ ನಕ್ಷೆಗಳನ್ನು ನೆನಪಿನಿಂದ ಎಳೆಯುತ್ತಿದ್ದೆ. ಅಪ್ಪ ಶೆಡ್ಡಿನಿಂದ ಬಂದು ಕೈಗೆ ಸೋಪು ಹಚ್ಚಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇವತ್ತ ಏನ್ ಮಾಡಿದಿ?" ಎಂದು ಕೇಳುವರು. ಯಾರಾದರೂ ಬಂದರೆ, "ನಮ್ಮ ಜಾಬ್ ಹಾಕಿ ಟ್ರಯಲ್ ಮಾಡಿ ತಂದದ್ದು," ಎಂದು ಹೇಳದೆ ಬಿಡುತ್ತಿರಲಿಲ್ಲ. ಕಂಪ್ಯೂಟರ್ ಆರಿಸಲು ಅಪ್ಪನನ್ನು ಕರೆದುಕೊಂಡು ಹೋಗಬೇಕೆಂದು ಪೀಣ್ಯದಲ್ಲಿ ಇಬ್ಬರು ಕೇಳಿದ್ದರು ಕೂಡ.

ದೀಪಾವಳಿ ಕಳೆದ ಮೊದಲ ಸೋಮವಾರ ಮಾಲೀಕರು ಮೂವರನ್ನೂ ಕರೆದರು. ಅವರ ಪಕ್ಕದಲ್ಲಿ ಹೊಸಬರೊಬ್ಬರಿದ್ದರು. ಹಿಂದಿನ ಶೆಡ್ಡಿಗೆ ಬಂದಿದ್ದ ಹೊಸ ಸಿಎನ್‌ಸಿ ಮಷೀನನ್ನು ನೋಡಿಕೊಳ್ಳುವವರು. ಅದು ತಾನೇ ಲೆಕ್ಕ ನೋಡಿ ತಾನೇ ಕಡೆಯುವ ಲೇತು, ಮನುಷ್ಯನ ಕೈ ಬೇಡ. ಅದು ಬಂದು ತಿಂಗಳಾಗಿದ್ದರೂ ಸರಿಯಾಗಿ ನಡೆಯುತ್ತಿಲ್ಲ ಎಂದಷ್ಟೇ ನಮಗೆ ಗೊತ್ತಿತ್ತು.

"ಯಾರು ಏನ್ ಕಲ್ತಿದೀರೋ ತೋರ್ಸಿ," ಎಂದರು ಮಾಲೀಕರು.

ಉಳಿದಿಬ್ಬರು ಕ್ಲಾಸಿನಲ್ಲಿ ಕಲಿಸಿದ ಒಂದು ಮನೆಯ ನಕ್ಷೆ ಎಳೆದರು. ಬಾಗಿಲು, ಕಿಟಕಿ ಎಲ್ಲ ಇದ್ದವು. ನಾನು ಪರ್ಸಿನಿಂದ ಫ್ಲಾಪಿ ತೆಗೆದೆ. ನಮ್ಮ ಕಾರ್ಖಾನೆಯದೇ ಜಾಬು ತೋರಿಸಿದರೆ ಮಾಲೀಕರಿಗೆ ಖುಷಿಯಾಗುತ್ತದೆ ಎಂದು ಅದನ್ನೇ ತಂದಿದ್ದೆ. ಪರದೆಯ ಮೇಲೆ ಬುಷ್ಷು ತೆರೆದುಕೊಂಡಿತು.

ಸಿಎನ್‌ಸಿಯವರು ಕುರ್ಚಿ ಮುಂದೆಳೆದುಕೊಂಡರು. "ಇಲ್ಲಿ ದೊಡ್ಡದು ಮಾಡಿ ಮೇಡಂ," ಎಂದು ಆ ತುದಿಗೆ ಬೆರಳಿಟ್ಟರು. ದೊಡ್ಡದು ಮಾಡಿದೆ.

"ಸಾರ್! ಟೇಪರ್!" ಎಂದು ಅವರು ಮಾಲೀಕರ ಕೈ ಹಿಡಿದುಕೊಂಡರು. "ಇದೇ ನಾವು ಬಿಟ್ಟಿರೋದು. ಹಳೇ ಡ್ರಾಯಿಂಗಲ್ಲಿ ಇದು ಇಲ್ವೇ ಇಲ್ಲ. ಅದಕ್ಕೇ ನಮ್ಮ ಬುಷ್ ಒಂದೂ ಪಂಪಲ್ಲಿ ಕೂರ್ತಿಲ್ಲ."

ಹಿಂದಿನ ಶೆಡ್ಡಿನಲ್ಲಿ ತಿಂಗಳಿಂದ ಅವರು ಕಡೆಯುತ್ತಿದ್ದದ್ದು ಅಪ್ಪನ ಬುಷ್ಷನ್ನೇ. ಅಲ್ಲಿ ಬೇರೇನೋ ಮಾಡುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಕಡೆದದ್ದೆಲ್ಲ ಪಂಪು ಜೋಡಿಸುವಾಗ ಕೂರದೆ ವಾಪಸು ಬರುತ್ತಿತ್ತಂತೆ. ಅಪ್ಪನ ಶೆಡ್ಡಿನಿಂದ ಬಂದದ್ದು ಮಾತ್ರ ಜಾರಿ ಕೂರುತ್ತಿತ್ತಂತೆ. ಅಳತೆಯೆಲ್ಲ ಒಂದೇ ಇದ್ದರೂ ಏಕೆ ಹೀಗೆಂದು ಯಾರಿಗೂ ಗೊತ್ತಾಗಿರಲಿಲ್ಲ. ಇಷ್ಟನ್ನೂ ಅವರು ನನ್ನ ಮುಂದೆಯೇ, ನಾನು ಯಾರ ಮಗಳೆಂದು ತಿಳಿಯದೆ, ಉತ್ಸಾಹದಿಂದ ಹೇಳಿದರು. ಫ್ಲಾಪಿಯನ್ನು ತೆಗೆದು ಎರಡು ತುಂಡು ಮಾಡಿ ಎಸೆಯಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಅದನ್ನು ತಮ್ಮ ಫ್ಲಾಪಿಗೆ ಇಳಿಸಿಕೊಂಡು ಆಗಿತ್ತು.

"ಸಾರ್, ಅದು ನಮ್ಮಪ್ಪ ಮಾಡೋ ಜಾಬು," ಎಂದೆ.

"ಗೊತ್ತು ಕಣಮ್ಮ," ಎಂದರು ಮಾಲೀಕರು. ಅವರಿಗೆ ನಿಜಕ್ಕೂ ಒಂದು ಕ್ಷಣ ಮುಜುಗರವಾಯಿತು. "ಅಷ್ಟು ದುಡ್ಡು ಹಾಕಿ ಮಷೀನ್ ತಂದಿದೀನಿ, ನಾನೇನ್ ಮಾಡ್ಲಿ ಹೇಳು. ನಿಮ್ಮಪ್ಪಂಗೆ ರಿಪೇರಿ ಕೆಲ್ಸ ಏನಾದ್ರೂ ಕೊಡೋಣ. ನೀನು ಮಾತ್ರ ಇರ್ತೀಯ. ನಾಳೆಯಿಂದ ಈ ಟೇಬಲ್ ನಿಂದು."

ನನ್ನ ಹಳೆಯ ಜಾಗ, ಪ್ಲಗ್ ಪಾಯಿಂಟಿನ ಪಕ್ಕದ್ದು. ಅದನ್ನೇ ವಾಪಸು ಕೊಟ್ಟಿದ್ದರು. ನನಗೆ ಏನೂ ಅನ್ನಿಸಲಿಲ್ಲ.

ನಾಲ್ಕೈದು ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಕೆಲಸ ಉಳಿಯಿತು ಎಂದಷ್ಟೇ ಹೇಳಿದೆ. ಅವ್ವ ಗೋಧಿ ಹುಗ್ಗಿ ಮಾಡಿದಳು. ಅಪ್ಪ ಎರಡು ಸಲ ಹಾಕಿಸಿಕೊಂಡು ಉಂಡರು. ಅವರು ಉಣ್ಣುವುದನ್ನು ನೋಡಲಾಗದೆ ನಾನು ಎದ್ದುಹೋದೆ. ಶನಿವಾರ ಮಾಲೀಕರು ಅಪ್ಪನನ್ನು ಕರೆಸಿ ತಾವೇ ಹೇಳುತ್ತಾರೆಂದು ಗೊತ್ತಾಯಿತು. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ಶುಕ್ರವಾರ ಸಂಜೆ ಹೊಸ ಮಷೀನಿನಲ್ಲಿ ಕಡೆದ ಒಂದು ಬುಷ್ಷನ್ನು ಕೇಳಿ ತೆಗೆದುಕೊಂಡು, ಅಪ್ಪನ ಶೆಡ್ಡಿಗೆ ಹೋದೆ.

ಅಪ್ಪ ಲೇತು ಒರೆಸುತ್ತಿದ್ದರು. ಬುಷ್ಷನ್ನು ಅವರ ಕೈಗಿಟ್ಟು ಎಲ್ಲ ಹೇಳಿದೆ. ಹೊಸ ಮಷೀನು, ಫ್ಲಾಪಿ, ಟೇಪರ್, ಇನ್ನು ಮುಂದೆ ಬುಷ್ಷಿನ ಆರ್ಡರ್ ಬರುವುದಿಲ್ಲ ಎಂಬುದು. ಹೇಳುತ್ತಾ ನಾನೇ ಅತ್ತುಬಿಟ್ಟೆ. ಅಪ್ಪ ಬಯ್ಯಲಿಲ್ಲ. ಮಾಲೀಕರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕೈಯನ್ನು ಹತ್ತಿಯ ವೇಸ್ಟಿನಲ್ಲಿ ಒರೆಸಿಕೊಂಡು, ಜೇಬಿನಿಂದ ಮೈಕ್ರೊಮೀಟರ್ ತೆಗೆದು, ಲೇತಿನ ದೀಪದ ಕೆಳಗೆ ಬುಷ್ಷನ್ನು ಹಿಡಿದು ಅಳೆಯತೊಡಗಿದರು. ಹೊರವ್ಯಾಸ, ಒಳವ್ಯಾಸ, ಉದ್ದ, ಮೆಟ್ಟಿಲು. ಕಂಪ್ಯೂಟರ್ ಅಂಗಡಿಯಲ್ಲಿ ನನಗೆ ಹೇಳಿದ್ದ ಅದೇ ಕ್ರಮದಲ್ಲಿ. ಕೊನೆಗೆ ಮೈಕ್ರೊಮೀಟರನ್ನು ಕೆಳಗಿಟ್ಟು, ತುದಿಯ ಅಂಚಿನ ಸುತ್ತ ಹೆಬ್ಬೆರಳಾಡಿಸಿದರು. ಒಮ್ಮೆ ಆಡಿಸಿ, ಮತ್ತೊಮ್ಮೆ ಆಡಿಸಿದರು.

"ಟೇಪರೂ ಬಂದೈತಿ," ಎಂದರು.

ಅಪ್ಪ ಆ ಬುಷ್ಷನ್ನು ತಾವು ಆ ದಿನ ಕಡೆದ ಬುಷ್ಷುಗಳ ಪಕ್ಕದಲ್ಲಿಟ್ಟರು. ಯಾವುದು ಯಾವುದೆಂದು ನನಗೆ ಗುರುತು ಸಿಗಲಿಲ್ಲ. ಅವರಿಗೂ ಸಿಗಲಿಲ್ಲವೆಂದು ಅವರ ಮುಖ ನೋಡಿ ತಿಳಿಯಿತು. ಅದು ನನಗೆ ಉಳಿದೆಲ್ಲಕ್ಕಿಂತ ದೊಡ್ಡ ಆಘಾತವಾಯಿತು.

"ಮಷೀನ್ ಚಲೋದ ಆರಿಸೀವಿ ಬಿಡವ್ವಾ," ಎಂದು ಅಪ್ಪ ಲೇತಿನ ದೀಪ ಆರಿಸಿದರು.

ನಾವು ಒಟ್ಟಿಗೆ ಮನೆಗೆ ನಡೆದೆವು. ಯಾವ ಮಷೀನನ್ನು ನೋಡಿ ಬಂದರೂ ಅದರಲ್ಲೊಂದು ಕೊರತೆ ಹೇಳದೆ ಅಪ್ಪ ಬಿಟ್ಟವರಲ್ಲ. ಆ ದಿನ ಮಾತ್ರ ಯಾವ ಕೊರತೆಯನ್ನೂ ಹೇಳಲಿಲ್ಲ.